ಕಟ್ಟೆಯ ಮೇಲೆ ಚಕ್ರ

2002ರ ಅಕ್ಟೋಬರ್‌ನಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದ ಲವ್ ಪಾರ್ಕಿನಲ್ಲಿ 92 ವರ್ಷದ ಮುದುಕರೊಬ್ಬರು ಆಸರೆ ಹಿಡಿದುಕೊಂಡು ಸ್ಕೇಟ್‌ಬೋರ್ಡ್ ಹತ್ತಿ ಒಂದಿಷ್ಟು ದೂರ ಉರುಳಿದರು. ಅವರು ಎಡ್ಮಂಡ್ ಬೇಕನ್, ಆ ಊರಿನ ಹೆಸರಾಂತ ನಗರ ಯೋಜಕ. 1965ರಲ್ಲಿ ತೆರೆದ ಆ ಪಾರ್ಕಿನ ಕಲ್ಪನೆ ಅವರದೇ. ಅಲ್ಲಿ ಸ್ಕೇಟಿಂಗ್ ಮಾಡಕೂಡದೆಂದು ನಗರಾಡಳಿತ ಬಿಗಿ ಮಾಡಿದ್ದಕ್ಕೆ ಇದು ಅವರ ಪ್ರತಿಭಟನೆ. ಜನ ಕೂರಲಿ, ನಡೆಯಲಿ ಎಂದು ಮಾಡಿಸಿದ ಗ್ರಾನೈಟ್ ಕಟ್ಟೆ ಮೆಟ್ಟಿಲುಗಳನ್ನು ಹುಡುಗರು ಬೇರೆಯದಕ್ಕೆ ಬಳಸಿಕೊಂಡದ್ದು ಅವರಿಗೆ ಅಪಚಾರವಾಗಿ ಕಾಣಲಿಲ್ಲ. ಕಟ್ಟಿದವನೇ ಹೀಗೆ ಬಳಕೆದಾರರ ಪರ ನಿಲ್ಲುವುದು ವಾಸ್ತುಶಿಲ್ಪದ ಚರಿತ್ರೆಯಲ್ಲಿ ಅಪರೂಪ.

ಸ್ಕೇಟ್‌ಬೋರ್ಡಿಗೂ ಕಟ್ಟಡಕ್ಕೂ ಇರುವ ನಂಟು ಮೊದಲಿನಿಂದಲೂ ಅಪ್ಪಣೆ ಕೇಳದ ನಂಟು. 1976-77ರ ಕ್ಯಾಲಿಫೋರ್ನಿಯಾದ ಬರಗಾಲದಲ್ಲಿ ಸಿರಿವಂತರ ಈಜುಕೊಳಗಳು ಬತ್ತಿದವು. ಬೇಲಿ ಹಾರಿ ಒಳಗಿಳಿದ ಹುಡುಗರು ಆ ದುಂಡು ಗೋಡೆಗಳ ಮೇಲೆ ಅಲೆಯ ಮೇಲೆ ಜಾರಿದ ಹಾಗೆ ಜಾರಿದರು. ಬರ ಎಂದರೆ ಕಾವೇರಿ ಬಯಲಿನ ನಮಗೆ ನೆನಪಾಗುವುದು ರಸ್ತೆ ತಡೆ, ಬಂದ್, ಕನ್ನಂಬಾಡಿಯ ನೀರಿನ ಮಟ್ಟ. ಅಲ್ಲಿ ಅದೇ ಬರ ಒಂದು ಹೊಸ ಆಟವನ್ನು ಬೆಳೆಸಿತು. ಲಂಡನ್ನಿನ ಸೌತ್‌ಬ್ಯಾಂಕಿನಲ್ಲೂ ಹೀಗೇ ಆಯಿತು. 1967ರಲ್ಲಿ ಎದ್ದ ಸಂಗೀತ ಸಭಾಂಗಣದ ಅಡಿಯಲ್ಲಿ ಯಾರಿಗೂ ಬೇಡವಾದ ಕಾಂಕ್ರೀಟ್ ಇಳಿಜಾರುಗಳಿದ್ದವು. ಎಪ್ಪತ್ತರ ದಶಕದಿಂದ ಅದು ಸ್ಕೇಟರ್‌ಗಳ ಜಾಗ. 2013ರಲ್ಲಿ ಅಲ್ಲಿ ಅಂಗಡಿ ಸಾಲು ಮಾಡುವ ಯೋಜನೆ ಬಂದಾಗ ದೊಡ್ಡ ಚಳವಳಿ ನಡೆದು, ಮರುವರ್ಷ ಜಾಗ ಉಳಿಯಿತು.

ಇಯಾನ್ ಬೋರ್ಡನ್ ಎಂಬ ವಾಸ್ತುಶಿಲ್ಪ ಇತಿಹಾಸಕಾರ 2001ರಲ್ಲಿ ಈ ವಿಷಯದ ಮೇಲೆ ಒಂದು ಪುಸ್ತಕವನ್ನೇ ಬರೆದರು. ಕಟ್ಟಡವನ್ನು ಕಣ್ಣಿನಿಂದ ನೋಡಿ ಮುಗಿಸುವುದಲ್ಲ, ಸ್ಕೇಟರ್ ಅದನ್ನು ಮೈಯಿಂದ ಓದುತ್ತಾನೆ ಎಂಬುದು ಆ ವಾದದ ತಿರುಳು. ಒಪ್ಪತಕ್ಕ ಮಾತೇ. ಆದರೆ ಸಭ್ಯ ಕಲಾಸಂಸ್ಥೆಗಳು ಇದನ್ನು ಬಹಳ ಬೇಗ ಒಪ್ಪಿಕೊಂಡುಬಿಟ್ಟವು. ಸ್ಕೇಟ್ ಮಾಡಬಹುದಾದ ಶಿಲ್ಪ ಎಂಬ ಪ್ರಕಾರ ಬೆಳೆದದ್ದು ಆ ಒಪ್ಪಿಗೆಯ ನೆರಳಿನಲ್ಲಿ.

ಈ ಪ್ರಕಾರದಲ್ಲಿ ಒಳ್ಳೆಯ ಕೆಲಸವಿಲ್ಲವೆಂದಲ್ಲ. ಸಿಂಪಾರ್ಕ್ ಎಂಬ ಅಮೆರಿಕನ್ ಕಲಾವಿದರ ಬಳಗ ಮರದಲ್ಲಿ ದೊಡ್ಡ ಬೋಗುಣಿ ಕಟ್ಟಿ, 2002ರಲ್ಲಿ ಜರ್ಮನಿಯ ಕಾಸೆಲ್‌ನ ಡಾಕ್ಯುಮೆಂಟಾ ಪ್ರದರ್ಶನದಲ್ಲಿ ಇಟ್ಟಿತು. ಫ್ರಾನ್ಸಿನ ರಫಾಯೆಲ್ ಜಾರ್ಕಾ, ಸ್ವತಃ ಸ್ಕೇಟರ್, ಊರೂರಿನ ಆಧುನಿಕ ಶಿಲ್ಪಗಳ ಮೇಲೆ ಹತ್ತಿಳಿಯುವ ಹುಡುಗರ ಚಿತ್ರಗಳನ್ನು ಕಲೆಹಾಕಿದರು. ನನ್ನ ಮಟ್ಟಿಗೆ ಇಡೀ ಪ್ರಕಾರದಲ್ಲಿ ಚುರುಕಾದ ಕೆಲಸ ಅದೇ. ಏಕೆಂದರೆ ಅಲ್ಲಿ ಕಲಾವಿದ ಹೊಸದಾಗಿ ಏನನ್ನೂ ಕಟ್ಟುವುದಿಲ್ಲ, ಮುಟ್ಟಬಾರದೆಂದು ನಿಲ್ಲಿಸಿದ್ದನ್ನು ಮುಟ್ಟಿದವರನ್ನು ತೋರಿಸುತ್ತಾನೆ. ಕೊರಿಯಾ ಮೂಲದ ಕೂ ಜಂಗ್ ಆ 2012ರಲ್ಲಿ ಫ್ರಾನ್ಸಿನ ವಾಸಿವಿಯೇರ್ ದ್ವೀಪದಲ್ಲಿ ಕತ್ತಲಲ್ಲಿ ಹಸಿರಾಗಿ ಹೊಳೆಯುವ ಸ್ಕೇಟ್ ಪಾರ್ಕ್ ಮಾಡಿದರು. ಫೋಟೋದಲ್ಲಿ ಅದ್ಭುತವಾಗಿದೆ. ಆದರೆ ಊರಿನಿಂದ ದೂರದ ಕಲಾಕೇಂದ್ರದಲ್ಲಿ, ಬೇಕೆಂದೇ ಹೋದವರಿಗೆ ಮಾತ್ರ ಸಿಗುವ ಶಿಲ್ಪ ನಗರದ ಜತೆ ಯಾವ ಜಗಳವನ್ನೂ ಆಡುವುದಿಲ್ಲ. ಅಪ್ಪಣೆ ಪಡೆದ ತುಂಟತನಕ್ಕೆ ರುಚಿ ಕಡಿಮೆ. ಇದಕ್ಕಿಂತ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನ ಲಾಂಡ್‌ಹೌಸ್‌ಪ್ಲಾಟ್ಸ್ ಮೇಲು. 2011ರಲ್ಲಿ ಆ ಚೌಕದ ಇಡೀ ನೆಲವನ್ನೇ ಕಾಂಕ್ರೀಟಿನ ಏರುತಗ್ಗಾಗಿ ಮರುರೂಪಿಸಿದರು. ಅದರ ಮೇಲೆ ಸ್ಕೇಟ್ ಪಾರ್ಕ್ ಎಂಬ ಫಲಕವಿಲ್ಲ. ಅಜ್ಜಿ ಕೂರುತ್ತಾರೆ, ಪಕ್ಕದಲ್ಲೇ ಮೊಮ್ಮಗ ಜಾರುತ್ತಾನೆ.

ನಮ್ಮಲ್ಲಿ ಕಥೆ ತಿರುಗುಮುರುಗು. ಅಲ್ಲಿ ಮೊದಲು ನುಣುಪಾದ ಚೌಕಗಳಿದ್ದವು, ಆಮೇಲೆ ಬೋರ್ಡು ಬಂತು. ಬೆಂಗಳೂರಿಗೆ ಬೋರ್ಡು ಬಂದಾಗ ಅಂಥ ಚೌಕವೇ ಇರಲಿಲ್ಲ. ಇದ್ದ ಫುಟ್‌ಪಾತಿನಲ್ಲಿ ಚಪ್ಪಡಿ ಎದ್ದಿರುತ್ತಿತ್ತು, ಅಂಗಡಿ ಮೆಟ್ಟಿಲಿಗೆ ಯಾರೂ ಕೂರದಂತೆ ಕಬ್ಬಿಣದ ಮೊಳೆ ಬಡಿದಿರುತ್ತಿತ್ತು. ಹಾಗಾಗಿ ಇಲ್ಲಿನ ಸ್ಕೇಟರ್‌ಗಳು ಅಪ್ಪಣೆಯಿಲ್ಲದೆ ಜಾಗ ಕದಿಯುವುದಕ್ಕೂ ಮೊದಲು ಜಾಗ ಕಟ್ಟಬೇಕಾಯಿತು. 2013ರಲ್ಲಿ ಹೋಲಿಸ್ಟೋಕ್ಡ್ ಎಂಬ ಬೆಂಗಳೂರಿನ ಬಳಗ ಲೀವೈಸ್ ಕಂಪನಿಯ ಹಣ, ಹೊರದೇಶದ ಸ್ಕೇಟರ್‌ಗಳ ನೆರವು ಸೇರಿಸಿ ತನ್ನ ಕೈಯಾರೆ ಒಂದು ಪಾರ್ಕ್ ಕಟ್ಟಿತು. ಜೀನ್ಸ್ ಕಂಪನಿಯ ಜಾಹೀರಾತೂ ಅದರಲ್ಲಿತ್ತು, ನಿಜ. ಆದರೂ ಕರ್ನಾಟಕದಲ್ಲಿ ಸ್ಕೇಟ್ ಮಾಡಬಹುದಾದ ಶಿಲ್ಪ ಎಂದು ನಾನು ಕರೆಯುವುದು ಈ ಬಗೆಯ ಕೆಲಸವನ್ನೇ, ಗ್ಯಾಲರಿಯದನ್ನಲ್ಲ.

ಸ್ಕೇಟ್ ಮಾಡುವ ಬೋಗುಣಿ, ಅಂದರೆ ಬೌಲ್, ಕಟ್ಟುವ ಕೆಲಸ ನೋಡಿದರೆ ಕಾರಣ ತಿಳಿಯುತ್ತದೆ. ಮಣ್ಣನ್ನು ಬೇಕಾದ ದುಂಡಿಗೆ ಕೆತ್ತಬೇಕು, ಅದರ ಮೇಲೆ ಕಂಬಿ ಬಗ್ಗಿಸಿ ಬಲೆ ಕಟ್ಟಬೇಕು, ಕಾಂಕ್ರೀಟು ಕೆಳಗೆ ಜಾರದ ಹದದಲ್ಲಿರಬೇಕು. ಗಾರೆ ಮೇಸ್ತ್ರಿಯ ರಸಮಟ್ಟ, ತೂಗುಗುಂಡು ಎರಡಕ್ಕೂ ಇಲ್ಲಿ ಕೆಲಸ ಕಡಿಮೆ. ಹಲಗೆಯಲ್ಲಿ ಕೊಯ್ದ ಕಮಾನಿನ ಅಚ್ಚು ಹಿಡಿದು, ಗಟ್ಟಿಯಾಗುವ ಮೊದಲು ಕರಣೆಯಲ್ಲಿ ಎಳೆಯಬೇಕು. ಅಂಚಿಗೆ ಕೂರಿಸುವ ಕೊಳವೆ ಒಂದಿಷ್ಟು ಹೆಚ್ಚು ಹೊರಬಂದರೂ ಸವಾರ ಮುಗ್ಗರಿಸುತ್ತಾನೆ. ಆಮೇಲೆ ದಿನಗಟ್ಟಲೆ ನೀರುಣಿಸಬೇಕು. ಗೋಪುರಕ್ಕೆ ಗಾರೆ ಬೊಂಬೆ ಮಾಡುವ ಕೈಗಳಿಗೆ ಈ ವಕ್ರತೆ ಹೊಸದಲ್ಲ, ಆದರೆ ಅವರನ್ನು ಯಾರೂ ಕರೆದಂತಿಲ್ಲ. ಈ ಬಳಗಗಳ ಒಂದು ಕೊರತೆ ಅದು. ಅಲ್ಲಿ ಇಂಗ್ಲಿಷೂ ಇನ್‌ಸ್ಟಾಗ್ರಾಮೂ ಓಡಾಡಿದಷ್ಟು ಮೇಸ್ತ್ರಿಯ ಕನ್ನಡ ಓಡಾಡಿಲ್ಲ.

ಇದು ಪೇಟೆ ಹುಡುಗರ ಶೋಕಿ ಎನ್ನುವವರಿಗೆ ಮಧ್ಯಪ್ರದೇಶದ ಪನ್ನಾ ಜಿಲ್ಲೆಯ ಜನ್ವಾರ್ ಉತ್ತರ. ಉಲ್ರಿಕೆ ರೈನ್‌ಹಾರ್ಡ್ ಎಂಬ ಜರ್ಮನ್ ಮಹಿಳೆ ಆ ಹಳ್ಳಿಯಲ್ಲಿ ಕಟ್ಟಿಸಿದ ಪಾರ್ಕಿನಲ್ಲಿ ಎರಡೇ ನಿಯಮ: ಹುಡುಗಿಯರಿಗೆ ಮೊದಲ ಸರದಿ, ಶಾಲೆ ತಪ್ಪಿಸಿದವರಿಗೆ ಬೋರ್ಡಿಲ್ಲ. ಅಲ್ಲಿ ಕಲಿತ ಆಶಾ ಗೋಂಡ್ 2018ರಲ್ಲಿ ಚೀನಾದ ನಾನ್‌ಜಿಂಗ್‌ನ ವಿಶ್ವ ಸ್ಪರ್ಧೆಗೆ ಹೋಗಿಬಂದರು.

ಹಾಗಾದರೆ ಶ್ರೀರಂಗಪಟ್ಟಣ ತಾಲ್ಲೂಕಿನ ಪಾಲಹಳ್ಳಿಯಂಥ ಊರಿನಲ್ಲಿ? ಕೆಆರ್‌ಎಸ್‌ಗೂ ರಂಗನತಿಟ್ಟಿಗೂ ಹೋಗುವ ಪ್ರವಾಸಿಗಳ ಕಾರುಗಳು ಇಲ್ಲಿಂದಲೇ ಹಾಯುತ್ತವೆ. ಬೃಂದಾವನದ ಮೆಟ್ಟಿಲು ಸಾಲು, ಶ್ರೀರಂಗಪಟ್ಟಣದ ಕೋಟೆ, ಸ್ನಾನಘಟ್ಟದ ಸೋಪಾನ ಕಂಡರೆ ಹೊರಗಿನ ಸ್ಕೇಟರ್‌ನ ಬಾಯಲ್ಲಿ ನೀರೂರೀತು. ಅವನ್ನು ಬಿಡಬೇಕು. ಜನ ಪಿಂಡ ಹಾಕುವ ಪಶ್ಚಿಮವಾಹಿನಿಯ ಕಲ್ಲು ಬರಿಯ ನುಣುಪು ಮೇಲ್ಮೈಯಲ್ಲ. ನಾಲೆಯ ಇಳಿಜಾರು ಗೋಡೆಯ ಆಸೆಯೂ ಬೇಡ. ಅಮೆರಿಕದ ಅಲ್ಬುಕರ್ಕಿಯಲ್ಲಿ ಒಣ ಕಾಲುವೆಗಳು ಸ್ಕೇಟರ್‌ಗಳಿಗೆ ತೀರ್ಥಕ್ಷೇತ್ರ. ನಮ್ಮ ಜಿಲ್ಲೆಯಲ್ಲಿ 2018ರ ನವೆಂಬರ್ 24ರಂದು ಕನಗನಮರಡಿ ಬಳಿ ಬಸ್ಸೊಂದು ವಿ.ಸಿ. ನಾಲೆಗೆ ಬಿದ್ದು 30 ಜನ ಸತ್ತರು. ನಾಲೆ ಏರಿಯ ಮೇಲೆ ಮಕ್ಕಳನ್ನು ಆಡಲು ಬಿಡುವ ಮಾತನ್ನು ಮಂಡ್ಯದಲ್ಲಿ ಯಾರೂ ಎತ್ತಲಾರರು.

ಊರ ಸಿಸಿ ರಸ್ತೆಯೂ ಆಗದು. ಜಾರದಿರಲೆಂದು ಅದಕ್ಕೆ ಗೆರೆ ಎಳೆದಿರುತ್ತಾರೆ. ಬೋರ್ಡಿನ ಚಕ್ರದ ಅಡ್ಡಳತೆ 50 ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು, ಒಂದು ಜಲ್ಲಿಕಲ್ಲು ಸಾಕು ಕೆಡವಲು. ಆದರೆ ಕಟ್ಟಿದ್ದನ್ನು ಬೇರೆಯದಕ್ಕೆ ಬಳಸುವ ಚಾಳಿ ನಮ್ಮ ರೈತರಿಗೆ ಸ್ಕೇಟರ್‌ಗಳಿಗಿಂತ ಹಳೆಯದು. ಸುಗ್ಗಿ ಬಂದರೆ ಡಾಂಬರು ರಸ್ತೆಯೇ ಕಣ. ಹುರುಳಿ, ರಾಗಿ ತೆನೆ ಹರಡಿದರೆ ಲಾರಿ ಬಸ್ಸುಗಳೇ ತುಳಿಯುತ್ತವೆ. ಬೈಕ್ ಸವಾರರು ಜಾರಿ ಬೀಳುತ್ತಾರೆಂದು ಪೊಲೀಸರು ಬೈಯುತ್ತಾರೆ. ಅದಕ್ಕೆ ಪರ್ಯಾಯವಾಗಿ ಉದ್ಯೋಗ ಖಾತರಿಯಲ್ಲಿ ಕಾಂಕ್ರೀಟಿನ ಒಕ್ಕಣೆ ಕಣಗಳು ಬಂದವು. ಸುಗ್ಗಿ ಮುಗಿದ ಮೇಲೆ ಆ ಹಾಸು ತಿಂಗಳುಗಟ್ಟಲೆ ಖಾಲಿ.

ಪಂಚಾಯ್ತಿ ಸದಸ್ಯರಲ್ಲಿ ಒಂದು ಕೋರಿಕೆ. ಯಾರೂ ಮುಟ್ಟದೆ ತುಕ್ಕು ಹಿಡಿಯುವ ಇನ್ನೊಂದು ಓಪನ್ ಜಿಮ್ ತರಿಸುವ ಮುನ್ನ, ಶಾಲೆಗೆ ಹತ್ತಿರದ ಒಂದು ಕಣವನ್ನು ಆರಿಸಿ ಅದರ ಮೇಲ್ಮೈಯನ್ನು ನುಣುಪಾಗಿ ತೀಡಿಸಿ. ಒಂದು ಬದಿಗೆ ಮೊಣಕಾಲೆತ್ತರದ ದುಂಡು ಇಳಿಜಾರು, ಇನ್ನೊಂದು ಬದಿಗೆ ಕೂರಲು ಕಟ್ಟೆ. ಸುಗ್ಗಿಯಲ್ಲಿ ಅದು ರೈತರದು, ಮಿಕ್ಕ ದಿನ ಮಕ್ಕಳದು. ಬೆಂಗಳೂರಿನ ಸ್ಕೇಟರ್‌ಗಳನ್ನು ಕರೆಸಿ, ಆದರೆ ಕರಣೆ ಊರಿನ ಮೇಸ್ತ್ರಿಯ ಕೈಯಲ್ಲೇ ಇರಲಿ.