ಹೊಸೂರು ರಸ್ತೆಯಲ್ಲಿ ಸುರಿಯಾನಿ

ಸುರಿಯಾನಿ ಗಾಯನ ಕೇಳಲು ಕೇರಳದ ಹಳೆಯ ಚರ್ಚುಗಳಿಗೇ ಹೋಗಬೇಕೆಂದಿಲ್ಲ. ಭಾನುವಾರ ಬೆಳಿಗ್ಗೆ ಬೆಂಗಳೂರಿನ ಜಾಲಹಳ್ಳಿ, ವೈಟ್‌ಫೀಲ್ಡ್, ಹೊಸೂರು ರಸ್ತೆಯ ಕಡೆ ಬಂದರೂ ಸಾಕು. ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಶುರುವಾದವು. ಅಲ್ಲಿಗೆ ದುಡಿಯಲು ಬಂದ ಮಲಯಾಳಿಗಳ ಜೊತೆ ಅವರ ಆರಾಧನೆಯೂ ಬಂತು. ಐಟಿ ಕಂಪನಿಗಳು ಬಂದ ಮೇಲೆ ಅದು ಊರಿನ ಪೂರ್ವಕ್ಕೂ ದಕ್ಷಿಣಕ್ಕೂ ಹಬ್ಬಿತು. ಈ ಆರಾಧನೆಯ ಬೇರು ಸುರಿಯಾನಿಯಲ್ಲಿದೆ. ಯೇಸು ಆಡಿದ ಅರಮಾಯಿಕ್ ಭಾಷೆಯ ಕವಲು ಅದು. ಎದೆಸ್ಸಾ ಪಟ್ಟಣದಲ್ಲಿ ಸಾಹಿತ್ಯದ ನುಡಿಯಾಗಿ ಬೆಳೆದದ್ದು.

ಹೊಸದಾಗಿ ಕೇಳುವವರು ಒಂದೇ ಪ್ರಾರ್ಥನೆಯನ್ನು ಹಿಡಿದು ಹೊರಡುವುದು ಒಳ್ಳೆಯದು. ದೇವರನ್ನು ಮೂರು ಬಾರಿ ಪರಿಶುದ್ಧನೆಂದು ಕರೆದು ಕರುಣೆ ಬೇಡುವ ಪುಟ್ಟ ಪ್ರಾರ್ಥನೆಯೊಂದಿದೆ. ಐದನೆಯ ಶತಮಾನದಿಂದಲೂ ಅದು ಬಳಕೆಯಲ್ಲಿದೆ. ಸೀರೋ ಮಲಬಾರ್ ಸಭೆಯವರು ಪೂರ್ವ ಸುರಿಯಾನಿ ಉಚ್ಚಾರದಲ್ಲಿ ಅದನ್ನು ‘ಕಂದೀಶಾ ಆಲಾಹಾ’ ಎಂದು ಎತ್ತಿಕೊಳ್ಳುತ್ತಾರೆ. ಆರ್ಥೊಡಾಕ್ಸ್ ಮತ್ತು ಯಾಕೋಬಾಯ ಸಭೆಗಳ ಪಶ್ಚಿಮ ಸುರಿಯಾನಿಯಲ್ಲಿ ಅದೇ ‘ಕದ್ದೀಶಾತ್ ಆಲೋಹೋ’. ಮೊದಲನೆಯದರ ದೀರ್ಘ ಆಕಾರ ಎರಡನೆಯದರಲ್ಲಿ ಓಕಾರಕ್ಕೆ ತಿರುಗುತ್ತದೆ. ಇಷ್ಟು ಗುರುತು ಸಿಕ್ಕರೆ, ಹೊರಗೆ ನಿಂತೇ ಇದು ಯಾವ ಪರಂಪರೆ ಎಂದು ಹೇಳಬಹುದು. ಪಶ್ಚಿಮ ಸುರಿಯಾನಿಯವರು ಶಿಲುಬೆಯ ಮರಣವನ್ನು ನೆನೆಯುವ ಮಾತೊಂದನ್ನು ಸೇರಿಸುತ್ತಾರೆ. ಆಗ ಪ್ರಾರ್ಥನೆ ನೇರವಾಗಿ ಕ್ರಿಸ್ತನಿಗೇ ಸಲ್ಲುತ್ತದೆ. ಲತೀನ್ ಪರಂಪರೆಯಲ್ಲೂ ಈ ಪ್ರಾರ್ಥನೆ ಉಂಟು. ಶುಭ ಶುಕ್ರವಾರ ಶಿಲುಬೆಯನ್ನು ಆರಾಧಿಸುವಾಗ ಎರಡು ಗುಂಪುಗಳು ಇದನ್ನು ಗ್ರೀಕಿನಲ್ಲೊಮ್ಮೆ, ಲತೀನಿನಲ್ಲೊಮ್ಮೆ ಸರದಿಯಂತೆ ಹಾಡುವ ಹಳೆಯ ಪದ್ಧತಿ ಅದು.

ಸೀರೋ ಮಲಬಾರ್ ಕುರ್ಬಾನ, ಅಂದರೆ ಬಲಿಪೂಜೆ, 1962ರವರೆಗೂ ಸುರಿಯಾನಿಯಲ್ಲೇ ನಡೆಯುತ್ತಿತ್ತು. ಆಮೇಲೆ ಮಲಯಾಳಂ ಬಂತು. ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರಿನಲ್ಲಿ ಹೊರಡಿಸಿದ ಆರಾಧನಾ ಸಂವಿಧಾನ ಜನರ ನುಡಿಗಳಿಗೆ ಬಾಗಿಲನ್ನು ಇನ್ನಷ್ಟು ತೆರೆಯಿತು. ಇಂದು ಬೆಳ್ತಂಗಡಿ ಕಡೆ ಕುರ್ಬಾನ ಕನ್ನಡದಲ್ಲೂ ಕೇಳಿಸುತ್ತದೆ. ಇದು ಆಗಬೇಕಾದ್ದೇ. ತನ್ನ ನುಡಿಯಲ್ಲಿ ದೇವರೊಡನೆ ಮಾತಾಡುವ ಹಕ್ಕು ಭಕ್ತನದು.

ಆದರೂ ಹಳೆಯ ನುಡಿಯನ್ನು ಪೂರಾ ಕೈಬಿಡಬಾರದು ಎನ್ನುತ್ತೇನೆ. ಅದಕ್ಕೆ ಕಾರಣ ಈ ಹೊರವಲಯದಲ್ಲೇ ಇದೆ. ಇಲ್ಲಿ ಬೆಳೆಯುವ ಎಷ್ಟೋ ಮಲಯಾಳಿ ಮಕ್ಕಳಿಗೆ ಮಲಯಾಳಂ ಓದಲು ಬರುವುದಿಲ್ಲ. ಅವರಿಗಾಗಿ ಆರಾಧನೆ ಇಂಗ್ಲಿಷಿಗೆ ಹೊರಳುತ್ತದೆ, ಅಜ್ಜಿ ಮೊಮ್ಮಕ್ಕಳ ಪ್ರಾರ್ಥನೆ ಬೇರೆಬೇರೆಯಾಗುತ್ತದೆ. ಸುರಿಯಾನಿ ಇವರಲ್ಲಿ ಯಾರ ಮನೆಮಾತೂ ಅಲ್ಲ. ಆದ್ದರಿಂದಲೇ ಅದರಲ್ಲಿ ಯಾರೂ ಹಿಂದೆ ಬೀಳುವುದಿಲ್ಲ. ಅಜ್ಜಿ ಕಿವಿಯಿಂದ ಕಲಿತದ್ದನ್ನು ಮೊಮ್ಮಗಳೂ ಕಿವಿಯಿಂದಲೇ ಕಲಿಯಬಹುದು.

ಕಲಿಸುವವರೂ ಇದ್ದಾರೆ. ಹೊಸೂರು ರಸ್ತೆಯ ಧರ್ಮಾರಾಂ 1957ರಲ್ಲಿ ಕೇರಳದ ಚೆತ್ತಿಪುಳದಿಂದ ಬಂದ ಗುರುಮಠ. ಅದನ್ನು ನಡೆಸುವ ಸಿಎಂಐ ಸನ್ಯಾಸಿ ಸಭೆಯವರೇ ಆದ ಸಂಗೀತ ವಿದ್ವಾಂಸ ಫಾದರ್ ಜೋಸೆಫ್ ಪಾಲಕ್ಕಲ್ ಕೇರಳದ ಹಿರಿಯರ ಕಂಠದಲ್ಲಿ ಉಳಿದಿದ್ದ ಸುರಿಯಾನಿ ಗೀತೆಗಳನ್ನು ಧ್ವನಿಮುದ್ರಿಸಿ ಕೂಡಿಡುತ್ತ ಬಂದಿದ್ದಾರೆ. ಅವರ ‘ಕಂಬೆಲ್ ಮಾರಾನ್’ ಸಂಕಲನ 2002ರಲ್ಲಿ ಬಂತು. ಮನೆಯಲ್ಲಿ ಕೂತು ಕೇಳುವವರು ಅದರಿಂದಲೇ ಆರಂಭಿಸಬಹುದು.

ಗಾನವೃಂದಗಳಲ್ಲಿ ನನ್ನ ಕೋರಿಕೆ ಎರಡು. ಈ ಗೀತೆಗಳನ್ನು ಹಾಡುವಾಗ ಕೀಬೋರ್ಡಿನ ಸದ್ದು ತಗ್ಗಿಸಿ. ಕೆಲವೇ ಸ್ವರಗಳ ನಡುವೆ ಸುಳಿದಾಡುವ ಧಾಟಿಯನ್ನು ಭಾರಿ ಸ್ವರಮೇಳ ಮುಚ್ಚಿಬಿಡುತ್ತದೆ. ಮಕ್ಕಳಿಗೆ ವರ್ಷಕ್ಕೆ ಒಂದೇ ಗೀತೆ ಕಲಿಸಿದರೂ ಸರಿ, ಸಾಲುಸಾಲಿಗೆ ಅರ್ಥ ಹೇಳಿಕೊಡಿ. ಅರ್ಥ ತಿಳಿದು ಹಾಡುವ ಹತ್ತು ಮಕ್ಕಳಿದ್ದರೆ ಆ ನುಡಿ ಇನ್ನೊಂದು ತಲೆಮಾರು ಬದುಕುತ್ತದೆ.