ನದಿಗಳ ಸ್ವಯಂಶುದ್ಧಿ ಮತ್ತು ಅದರ ಬೆಲೆ: ಒಂದು ವಿಮರ್ಶೆ

‘ಹೊಳೆಯ ನೀರಿಗೆ ದೊಣ್ಣೆನಾಯಕನ ಅಪ್ಪಣೆಯೇ?’ ಎಂಬ ಗಾದೆಯಲ್ಲಿ ಒಂದು ಅರ್ಥಶಾಸ್ತ್ರವೇ ಅಡಗಿದೆ. ಹೊಳೆಯು ಯಾರೊಬ್ಬರ ಸೊತ್ತೂ ಅಲ್ಲ. ಆದುದರಿಂದ ಅದರ ನೀರಿಗೆ ಬೆಲೆಯೂ ಇಲ್ಲ, ಕೇಳುವವರೂ ಇಲ್ಲ. ಪ್ರಾಣಾಧಾರವಾದ ನೀರು ಅಗ್ಗವಾಗಿಯೂ ಅಲಂಕಾರಕ್ಕಷ್ಟೇ ಸಲ್ಲುವ ವಜ್ರವು ತುಟ್ಟಿಯಾಗಿಯೂ ಇರುವ ವೈಚಿತ್ರ್ಯವನ್ನು ಆಡಂ ಸ್ಮಿತ್ ಪಂಡಿತನು 1776ರಲ್ಲಿಯೇ ಎತ್ತಿ ತೋರಿಸಿದನು. ಈಚಿನ ಅರ್ಥಶಾಸ್ತ್ರಜ್ಞರಾದರೋ ನೀರಿಗೆ ಮಾತ್ರವಲ್ಲದೆ, ನದಿಯು ಆ ನೀರನ್ನು ಶುದ್ಧಗೊಳಿಸುವ ಕಾರ್ಯಕ್ಕೂ ಬೆಲೆ ಕಟ್ಟುತ್ತಾರೆ. 1997ರಲ್ಲಿ ರಾಬರ್ಟ್ ಕೊಸ್ಟಾಂಜಾ ಮತ್ತು ಸಂಗಡಿಗರು ಪ್ರಕೃತಿಯ 17 ಬಗೆಯ ಸೇವೆಗಳಿಗೆ ವರ್ಷಕ್ಕೆ ಸರಾಸರಿ 33 ಲಕ್ಷ ಕೋಟಿ ಡಾಲರುಗಳ ಮೌಲ್ಯವನ್ನು ಅಂದಾಜು ಮಾಡಿದರು. ಇಂತಹ ಗಣನೆಯು ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಹೊಳೆಗಳಿಗೆ ಎಷ್ಟರಮಟ್ಟಿಗೆ ಒಪ್ಪುವುದೆಂಬುದು ವಿಚಾರಾರ್ಹವಾಗಿದೆ.

ಕಶ್ಮಲವು ನೀರಿಗೆ ಬಿದ್ದೊಡನೆ ಸೂಕ್ಷ್ಮಜೀವಿಗಳು ಅದನ್ನು ಜೀರ್ಣಿಸತೊಡಗುತ್ತವೆ. ಆಗ ನೀರಿನಲ್ಲಿ ಕರಗಿರುವ ಆಮ್ಲಜನಕವು ವ್ಯಯವಾಗುತ್ತದೆ. ಹರಿವೂ ಗಾಳಿಯೂ ಆ ನಷ್ಟವನ್ನು ತುಂಬಿಕೊಡುತ್ತವೆ. ತಳದ ಹೊಯ್ಗೆಯು ಸೋಸುತ್ತದೆ. ಅಳಿವೆಯ ಕಾಂಡ್ಲಾ ಗಿಡಗಳ ಬೇರುಗಳು ಕೆಸರನ್ನು ತಡೆಹಿಡಿಯುತ್ತವೆ. ಈ ವ್ಯಯ–ಪೂರಣಗಳ ಲೆಕ್ಕವನ್ನು ಸ್ಟ್ರೀಟರ್ ಮತ್ತು ಫೆಲ್ಪ್ಸ್ ಎಂಬ ವಿದ್ವಾಂಸರು ಅಮೆರಿಕದ ಒಹಾಯೋ ನದಿಯ ಪರಿಶೀಲನೆಯಿಂದ 1925ರಲ್ಲಿ ಸೂತ್ರರೂಪಕ್ಕೆ ತಂದರು. ವ್ಯಯವು ಪೂರಣವನ್ನು ಮೀರಿದರೆ ನದಿಯು ಸೋಲುತ್ತದೆಂಬುದೇ ಆ ಸೂತ್ರದ ತಾತ್ಪರ್ಯ. ಸ್ನಾನಯೋಗ್ಯವೆನಿಸಲು ಲೀಟರು ನೀರಿನಲ್ಲಿ ಕನಿಷ್ಠ 5 ಮಿಲಿಗ್ರಾಂ ಆಮ್ಲಜನಕವಿರಬೇಕೆಂದು ಭಾರತದಲ್ಲಿ ನಿಯಮವಿದೆ.

ಈ ಕಾರ್ಯದ ಬೆಲೆಯನ್ನು ಸಾಮಾನ್ಯವಾಗಿ ಬದಲಿ ವೆಚ್ಚದಿಂದ ಅಳೆಯುತ್ತಾರೆ: ನದಿಯು ಮಾಡುವ ಕೆಲಸವನ್ನು ಯಂತ್ರಸ್ಥಾವರವು ಮಾಡಬೇಕಾದರೆ ಎಷ್ಟು ಹಣ ಬೇಕು? ಈ ಪದ್ಧತಿಯನ್ನು ಕೇವಲ ಹಳಿಯುವುದು ನ್ಯಾಯವಲ್ಲ. ನ್ಯೂಯಾರ್ಕ್ ನಗರವು ಕ್ಯಾಟ್‌ಸ್ಕಿಲ್ ಬೆಟ್ಟಗಳ ನೀರಿಗಾಗಿ ಭಾರೀ ವೆಚ್ಚದ ಸೋಸುವ ಸ್ಥಾವರವನ್ನು ಕಟ್ಟುವುದಕ್ಕಿಂತ ಜಲಾನಯನ ಭೂಮಿಯನ್ನು ಕಾಪಾಡುವುದೇ ಲಾಭವೆಂದು 1997ರ ಒಪ್ಪಂದದಲ್ಲಿ ನಿಶ್ಚಯಿಸಿದ್ದು ಇಂತಹ ಲೆಕ್ಕದ ಬಲದಿಂದಲೇ.

ಆದರೂ ಇದರಲ್ಲಿ ಒಂದು ದೋಷವಿದೆ. ಒಂದು ಊರಿನವರು ಹೊಲಸನ್ನು ಗೊಬ್ಬರವಾಗಿಸಿಕೊಳ್ಳುತ್ತಾರೆ. ಇನ್ನೊಂದೂರಿನವರು ಅದನ್ನು ಹೊಳೆಗೆ ಬಿಡುತ್ತಾರೆ ಎಂದಿಟ್ಟುಕೊಳ್ಳೋಣ. ಎರಡನೆಯ ಹೊಳೆಯೇ ಹೆಚ್ಚು ದುಡಿಯುವುದರಿಂದ, ಅದು ಸೋಲುವವರೆಗೂ ಅದರ ಬೆಲೆಯೇ ಹೆಚ್ಚೆಂದು ಕಂಡುಬರುತ್ತದೆ. ಹೊಲಸು ಬೆಳೆದಷ್ಟೂ ಮೌಲ್ಯವು ಬೆಳೆಯುವ ಈ ಮಾಪನವು ವಿಪರೀತವಾದುದು. ಬಳಕೆಗಲ್ಲ, ಶಕ್ತಿಗೆ ಬೆಲೆ ಕಟ್ಟಿದರೆ ಸಾಕೆಂದು ಸಮಾಧಾನ ಹೇಳಬಹುದು. ಆದರೆ ಕರಾವಳಿಯ ನದಿಯ ಶಕ್ತಿಯು ವರ್ಷವಿಡೀ ಏಕಪ್ರಕಾರವಾಗಿರುವುದಿಲ್ಲ.

ಇಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ ಬೀಳುತ್ತದೆ. ಅದರ ಬಹುಭಾಗವು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿದುಹೋಗುತ್ತದೆ. ಆಷಾಢದಲ್ಲಿ ದಡ ಮೀರಿ ಹರಿಯುವ ಸೌಪರ್ಣಿಕೆಯು ವೈಶಾಖದಲ್ಲಿ ಬಡವಾಗುತ್ತದೆ. ಬಿಸಿಯೇರಿದ ನೀರಿನಲ್ಲಿ ಆಮ್ಲಜನಕವು ಕಡಿಮೆ ಕರಗುತ್ತದೆ. ಭರತದೊಡನೆ ಉಪ್ಪುನೀರು ಮೇಲಕ್ಕೇರುತ್ತದೆ. ಉಪ್ಪನ್ನು ತಡೆಯುವ ಕಿಂಡಿ ಅಣೆಕಟ್ಟುಗಳು ಸಿಹಿನೀರನ್ನು ಉಳಿಸುತ್ತವೆ, ಆದರೆ ಹರಿವನ್ನೂ ನಿಲ್ಲಿಸುತ್ತವೆ. ಅದೇ ಗಂಗೊಳ್ಳಿಯ ಅಳಿವೆಯನ್ನು ಸೇರುವ ವಾರಾಹಿಯ ಸ್ಥಿತಿ ಬೇರೆ: ಹೊಸಂಗಡಿಯ ಭೂಗರ್ಭ ವಿದ್ಯುದಾಗಾರದಿಂದ ಹೊರಬರುವ ನೀರು ಬೇಸಗೆಯಲ್ಲಿಯೂ ಅದಕ್ಕೆ ದೊರೆಯುತ್ತದೆ. ಬ್ರಹ್ಮಾವರದ ಕಡೆಯ ಸೀತಾ, ಸ್ವರ್ಣಾ ನದಿಗಳಿಗೆ ಅಂತಹ ಆಸರೆಯಿಲ್ಲ. ಇವೆಲ್ಲವನ್ನೂ ಒಂದು ವಾರ್ಷಿಕ ಸರಾಸರಿಯಲ್ಲಿ ಕಲಸಿದರೆ, ಮಳೆಗಾಲದ ಸಮೃದ್ಧಿಯು ಬೇಸಗೆಯ ದಾರಿದ್ರ್ಯವನ್ನು ಮರೆಮಾಚುತ್ತದೆ. ಆ ಸರಾಸರಿಯನ್ನು ನಂಬಿ ಹೊಲಸು ಬಿಡಲು ಅನುಮತಿ ಕೊಟ್ಟರೆ ವೈಶಾಖದಲ್ಲಿ ಮೀನು ಸಾಯುತ್ತದೆ, ದಡದ ಬಾವಿಗಳು ಕೆಡುತ್ತವೆ.

ಸೌಪರ್ಣಿಕೆಯು ಕೊಡಚಾದ್ರಿಯ ಗಿಡಮೂಲಿಕೆಗಳ ಸಾರವನ್ನು ಹೊತ್ತು ತರುವುದರಿಂದ ರೋಗಹರವೆಂಬ ಜನರ ನಂಬಿಕೆಯೂ ಒಂದು ಮೌಲ್ಯನಿರ್ಣಯವೇ. ಆದರೆ ತೀರ್ಥವು ಎಂದಿಗೂ ಕೆಡದೆಂಬ ಭಾವನೆಯೂ ಮಿತಿಯನ್ನು ಮರೆಯುತ್ತದೆ. ಗಾದೆ, ತೀರ್ಥಭಾವನೆ, ಬದಲಿ ವೆಚ್ಚ — ಮೂರರ ಕೊರತೆಯೂ ಒಂದೇ.

ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಕಾದಂಬರಿಯು ಇಲ್ಲಿ ಸ್ಮರಣೀಯ. ಹೊಳೆ–ಕಡಲುಗಳ ನಡುವಣ ಕೋಡಿಯಲ್ಲಿ ಮೂರು ತಲೆಮಾರುಗಳ ಬಾಳನ್ನು ಚಿತ್ರಿಸುವ ಆ ಕೃತಿಯಲ್ಲಿ ಮನೆಯನ್ನು ಹಿಡಿದು ನಿಲ್ಲಿಸುವುದು ಹೆಂಗಸರ ದುಡಿಮೆ. ಯಾವ ಲೆಕ್ಕದ ಪುಸ್ತಕದಲ್ಲಿಯೂ ಅದಕ್ಕೆ ಜಮೆಯಿಲ್ಲ. ಕಾರಂತರು ಆ ದುಡಿಮೆಗೆ ಕೂಲಿ ಗೊತ್ತುಮಾಡಲಿಲ್ಲ. ಅದು ದೇಹವನ್ನು ಎಷ್ಟು ಸವೆಸುತ್ತದೆಂಬುದನ್ನು ಕಾಣಿಸಿದರು. ನದಿಯ ಮೌಲ್ಯಮಾಪನವೂ ಅದೇ ಕ್ರಮವನ್ನು ಅನುಸರಿಸತಕ್ಕದ್ದು. ವೈಶಾಖದ ಕ್ಷೀಣವಾದ ಹರಿವು ಎಷ್ಟು ಹೊರಬಲ್ಲುದೆಂಬುದನ್ನು ಹೊಳೆಹೊಳೆಗೂ ಮೊದಲು ಅಳೆಯಬೇಕು. ಆ ಮಿತಿಯೊಳಗಿನ ಕಾರ್ಯಕ್ಕೆ ಮಾತ್ರ ರೂಪಾಯಿಯ ಮಾತು ಸಲ್ಲುತ್ತದೆ. ಮಿತಿಯನ್ನು ನಿರ್ಣಯಿಸದೆ ಕಟ್ಟಿದ ಬೆಲೆಯು, ಎಷ್ಟೇ ದೊಡ್ಡದಾಗಿದ್ದರೂ, ಹೊಳೆಯನ್ನು ಕೆಡಿಸುವವನ ಕೈಗೆ ಕೊಟ್ಟ ರಹದಾರಿಯಾಗುವುದು.