ಎರಡು ಬೋಗುಣಿಗಳು: ಒಂದು ಕಿರುಚಿತ್ರದ ಪ್ರತೀಕಗಳ ಓದು

ಯೊವಾನ್ನನ ಶುಭಸಂದೇಶದ ಅಧ್ಯಯನದ ಅಂಗವಾಗಿ ದೈವಶಾಸ್ತ್ರದ ವಿದ್ಯಾರ್ಥಿಯೊಬ್ಬರು ಸಿದ್ಧಪಡಿಸಿದ ಎಂಟು ನಿಮಿಷಗಳ ಕಿರುಚಿತ್ರ ‘ಬೋಗುಣಿ’ ನಮ್ಮ ಗುರುಮಠದಲ್ಲಿ ಚರ್ಚೆಗೆ ಗ್ರಾಸವಾಗಿದೆ. ಹದಿಮೂರನೆಯ ಅಧ್ಯಾಯದ ಪಾದ ತೊಳೆಯುವ ಪ್ರಸಂಗವೇ ಅದರ ವಸ್ತು. ಚಿತ್ರವು ಆರಾಧನಾ ವಿಧಿಯನ್ನು ಹಳಿಯುತ್ತದೆ ಎಂಬುದು ಕೆಲವರ ಆಕ್ಷೇಪ. ಹಳಿದದ್ದೇ ಸರಿ ಎಂಬುದು ಇನ್ನು ಕೆಲವರ ಮೆಚ್ಚುಗೆ. ಇಬ್ಬರೂ ಪ್ರತೀಕಗಳನ್ನು ಅವಸರದಲ್ಲಿ ಓದಿದ್ದಾರೆಂದು ನಮಗೆ ತೋರುತ್ತದೆ.

ಮಾತಿಲ್ಲದ ಈ ಚಿತ್ರದಲ್ಲಿ ಎರಡು ದೃಶ್ಯಗಳು ಒಂದಾದ ಮೇಲೊಂದು ಬರುತ್ತವೆ. ಬೀದಿ ಗುಡಿಸಿ ದಣಿದ ಪೌರಕಾರ್ಮಿಕ ಮಹಿಳೆಯೊಬ್ಬಳು ನಲ್ಲಿಯ ಬಳಿ ಮೇಲಂಗಿಯನ್ನು ತೆಗೆದಿರಿಸಿ, ಸೊಂಟಕ್ಕೆ ಟವೆಲು ಬಿಗಿದು, ಕಾಲಿಗೆ ಗಾಯವಾದ ಹುಡುಗನ ಪಾದಗಳನ್ನು ನೀಲಿ ಪ್ಲಾಸ್ಟಿಕ್ ಬೋಗುಣಿಯಲ್ಲಿ ತೊಳೆಯುತ್ತಾಳೆ. ಅತ್ತ ದೇವಾಲಯದಲ್ಲಿ ಪವಿತ್ರ ಗುರುವಾರದ ಸಂಜೆ. ಗುರುಗಳು ಹಿತ್ತಾಳೆಯ ಬೋಗುಣಿ ಹಿಡಿದು, ಮನೆಯಲ್ಲೇ ಕಾಲು ತೊಳೆದು ಬಂದ ಹನ್ನೆರಡು ಮಂದಿಯ ಪಾದ ತೊಳೆಯುತ್ತಾರೆ. ಕೊನೆಯಲ್ಲಿ ದೇವಾಲಯದ ಮೆಟ್ಟಿಲುಗಳ ಮೇಲೆ ಒದ್ದೆ ಹೆಜ್ಜೆಗುರುತುಗಳು ಮಾತ್ರ.

ಹಿತ್ತಾಳೆಯೆಂದರೆ ಆಡಂಬರ, ಪ್ಲಾಸ್ಟಿಕ್ಕೆಂದರೆ ಪ್ರಾಮಾಣಿಕತೆ ಎಂದು ಲೆಕ್ಕ ಹಾಕುವುದು ಸುಲಭ. ಆದರೆ ಪ್ರತೀಕವು ಬಿಡಿಸಿ ಎಸೆಯುವ ಒಗಟಲ್ಲ. ಹೊಗೆ ಬೆಂಕಿಯನ್ನು ಸೂಚಿಸುವಾಗಲೂ ಅದು ಹೊಗೆಯೇ. ಚಿಹ್ನೆಗಳನ್ನು ವಿವರಿಸುವಾಗ ಸಂತ ಅಗುಸ್ತೀನರು ಬಳಸುವ ಉದಾಹರಣೆ ಅದು. ನಮ್ಮ ಕಾವ್ಯಮೀಮಾಂಸೆಯಲ್ಲಿ ಧ್ವನಿಯನ್ನೇ ಕಾವ್ಯದ ಆತ್ಮವೆಂದ ಆನಂದವರ್ಧನನೂ ವಾಚ್ಯಾರ್ಥವನ್ನು ಅಲಕ್ಷಿಸಲಿಲ್ಲ. ಧ್ವನಿಯನ್ನು ತಲುಪಲು ಅದನ್ನೇ ಉಪಾಯವೆಂದು ಬಗೆದನು. ಆದ್ದರಿಂದ ತೆರೆಯ ಮೇಲೆ ಏನಿದೆ ಎಂಬುದನ್ನು ನಾವು ಮೊದಲು ನೋಡಬೇಕು.

ಮಹಿಳೆ ಮೇಲಂಗಿ ತೆಗೆದಿರಿಸುತ್ತಾಳೆ, ಕೆಲಸ ಮುಗಿದ ಮೇಲೆ ಮತ್ತೆ ತೊಡುತ್ತಾಳೆ. ಇದು ಸುಮ್ಮನೆ ಬಂದ ವಿವರವಲ್ಲ. ಯೇಸು ಮೇಲುಡುಪನ್ನು ತೆಗೆದಿಟ್ಟು ಮತ್ತೆ ತೊಡುವುದಕ್ಕೆ ಯೊವಾನ್ನನು ಬಳಸುವ ಗ್ರೀಕ್ ಕ್ರಿಯಾಪದಗಳಾದ ‘ತಿಥೇಮಿ’, ‘ಲಂಬಾನೋ’ಗಳೇ ಹತ್ತನೆಯ ಅಧ್ಯಾಯದಲ್ಲಿ ಒಳ್ಳೆಯ ಕುರುಬನು ಪ್ರಾಣವನ್ನು ಅರ್ಪಿಸಿ ಮರಳಿ ಪಡೆಯುವುದಕ್ಕೂ ಬಂದಿವೆ. ಪಾದ ತೊಳೆದದ್ದು ವಿನಯದ ಪಾಠ ಮಾತ್ರವಲ್ಲ, ಶಿಲುಬೆಯ ಮುನ್ಸೂಚನೆ. ಹುಡುಗನು ನಾಚಿ ಕಾಲು ಹಿಂದೆಳೆದುಕೊಳ್ಳುವಲ್ಲಿ ಪೇತ್ರನ ನಿರಾಕರಣೆಯೂ ಇದೆ. ವಿದ್ಯಾರ್ಥಿಯು ಪವಿತ್ರ ಗ್ರಂಥವನ್ನು ನಿಧಾನವಾಗಿ ಓದಿದ್ದಾರೆ.

ಇನ್ನು ಹೆಜ್ಜೆಗುರುತುಗಳು. ಬಡವರು ಹೊಸ್ತಿಲಲ್ಲೇ ಉಳಿದರು ಎಂದು ಹಲವರು ಅವುಗಳನ್ನು ಅರ್ಥೈಸಿದರು. ಆದರೆ ಬೆರಳುಗಳು ಬೀದಿಯ ಕಡೆಗಿವೆ. ಅವು ಒಳಗಿನಿಂದ ಹೊರಗೆ ಹೊರಟ ಪಾದಗಳು. ದೇವಾಲಯದಲ್ಲಿ ತೊಳೆಯಲ್ಪಟ್ಟವರು ನಲ್ಲಿಯತ್ತ ನಡೆದಿದ್ದಾರೆ. ಹಾಗಾದರೆ ಚಿತ್ರವು ವಿಧಿಯನ್ನು ಅಲ್ಲಗಳೆಯುವುದಿಲ್ಲ. ತಾನು ತೋರಿದ ಮಾದರಿಯಂತೆ ನೀವೂ ಮಾಡಿರಿ ಎಂಬ ಪ್ರಭುವಿನ ಆಜ್ಞೆಯವರೆಗೆ ಅದನ್ನು ಮುಂದುವರಿಸುತ್ತದೆ. 2016ರ ಆದೇಶದ ಮೂಲಕ ವಿಶ್ವಗುರು ಫ್ರಾನ್ಸಿಸರ ಕಾಲದಲ್ಲಿ ಈ ವಿಧಿಯು ಸ್ತ್ರೀಯರಿಗೂ ತೆರೆಯಿತು. ಚಿತ್ರವು ಮಹಿಳೆಯನ್ನು ಆ ಪೀಠಗಳಲ್ಲಿ ಕೂರಿಸದೆ ಅವಳ ಸೊಂಟಕ್ಕೆ ಅಂಗವಸ್ತ್ರ ಕಟ್ಟಿದೆ. ತೊಳೆಯುವ ಕ್ರಿಸ್ತನ ಸ್ಥಾನವನ್ನೇ ಅವಳಿಗೆ ಕೊಟ್ಟಿದೆ.

ಎರಡು ದೋಷಗಳನ್ನು ಹೇಳದಿರಲಾಗದು. ಕೊನೆಯಲ್ಲಿ ಹೆಜ್ಜೆಗುರುತುಗಳ ಮೇಲೆ ಶಿಲುಬೆಯ ಆಕೃತಿಯನ್ನು ಮೂಡಿಸಿ, ಕೆಳಗೆ ‘ಸೇವೆಯೇ ಆರಾಧನೆ’ ಎಂದು ಬರೆದಿರುವುದು ಮೊದಲನೆಯದು. ನೀರು ಹೇಳಿದ್ದನ್ನು ಅಕ್ಷರ ಕುಗ್ಗಿಸಿದೆ. ಚಿತ್ರವನ್ನು ತಪ್ಪಾಗಿ ಓದಿದವರಿಗೆ ಆಧಾರವಾದದ್ದೂ ಈ ಬರಹವೇ. ಎರಡನೆಯದು ಹೆಚ್ಚು ಗಂಭೀರ. ಮಹಿಳೆಯ ಕೈ, ಸೊಂಟ, ಬೆನ್ನು ಕಾಣುತ್ತವೆ. ಮುಖ ಒಮ್ಮೆಯೂ ಕಾಣದು. ಶುಭಸಂದೇಶದ ಆ ಕೋಣೆಯಲ್ಲಿ ಪೇತ್ರನಿಗೆ ಹೆಸರಿದೆ, ಎದುರಾಡುವ ಬಾಯಿದೆ. ಪ್ರತೀಕವಾಗುವುದಕ್ಕಾಗಿ ಯಾರೂ ಅಲ್ಲಿ ಮುಖ ಕಳೆದುಕೊಳ್ಳುವುದಿಲ್ಲ. ಬಡವರನ್ನು ನಮ್ಮ ಪ್ರಬೋಧನೆಗೆ ದೃಷ್ಟಾಂತವಾಗಿಸಿ, ಅವರ ಹೆಸರು ಕೇಳಲು ಮರೆಯುವ ಅಪಾಯ ಪೀಠದ ಮೇಲೆ ನಿಲ್ಲುವ ಎಲ್ಲರಿಗೂ ಇದೆ.

ಈ ಚಿತ್ರವನ್ನು ಇನ್ನೊಮ್ಮೆ ಸಂಕಲಿಸುವುದಾದರೆ ಬರಹವನ್ನು ತೆಗೆದು, ಆ ಕೆಲವು ಕ್ಷಣಗಳನ್ನು ಅವಳ ಮುಖಕ್ಕೆ ಮೀಸಲಿಡಬೇಕೆಂಬುದು ನಮ್ಮ ಸಲಹೆ. ಅರ್ಥವನ್ನು ನೋಡುವವರೇ ಕಂಡುಕೊಳ್ಳುತ್ತಾರೆ.